ಮೊಳೆ ಹೊಡೆದ ಮಾರ್ಕ್‌ಶೀಟು

ಮೇಷ್ಟ್ರ ಕೆಲಸವೆಂದರೆ ಪಾಠ ಹೇಳುವುದು ಎಂದು ನಂಬಿ ಮುಂಬಯಿಗೆ ಬಂದವನು ನಾನು. ಗೋರೆಗಾಂವ್‌ನ ಕನ್ನಡ ಶಾಲೆಯೊಂದರಲ್ಲಿ ಗಣಿತ ಹೇಳುತ್ತಾ, ಹತ್ತನೇ ಕ್ಲಾಸಿನವರನ್ನು ಕಾಲೇಜಿಗೆ ಸೇರಿಸುವ ಉಸಾಬರಿಯನ್ನೂ ತಲೆಗೆ ಕಟ್ಟಿಕೊಂಡ ಮೇಲೆ ನಗದೆ ಕಳೆದ ವರ್ಷವೇ ಇಲ್ಲ. ಎಂಬತ್ತರ ದಶಕದ ಒಂದು ವರ್ಷವಂತೂ ಅದಕ್ಕೆಲ್ಲ ಕಳಶವಿಟ್ಟಂತಿತ್ತು.

೧. ಇಂಗ್ಲಿಷ್ ಅರ್ಧ ಗಂಟೆ

ಸ್ಟೇಷನ್ ಪಕ್ಕದ ದೊಡ್ಡ ಕಾಲೇಜಿನ ಸೈನ್ಸಿಗೆ ನಮ್ಮ ಶಾಲೆಯಿಂದ ಅದುವರೆಗೆ ಒಬ್ಬರೂ ಸೇರಿರಲಿಲ್ಲ. "ಕನ್ನಡ ಮೀಡಿಯಮ್ಮಿನವರಿಗೆ ಅದೆಲ್ಲ ಯಾಕ್ರೀ?" ಎನ್ನುತ್ತಿದ್ದರು ಹೆಡ್‌ಮಾಸ್ಟರು. ಆ ವರ್ಷ ಮೊದಲ ಬೆಂಚಿನ ಹುಡುಗಿಯೊಬ್ಬಳು, "ನನಗ ಅಲ್ಲೇ ಸೈನ್ಸ್ ಬೇಕ್ರಿ ಸರ್ರ" ಎಂದು ಪಟ್ಟು ಹಿಡಿದಳು. ಅಪ್ಪ ಬಿಜಾಪುರದ ಕಡೆಯ ಬಡಗಿ, ಜೋಗೇಶ್ವರಿಯ ಚಾಳಿನಲ್ಲಿ ಮನೆ. ಹೆಡ್‌ಮಾಸ್ಟರ ಮಾತು ಕೇಳಿ ಕೇಳಿ ನನಗೂ ರೇಗಿತ್ತು. ಸೇರಿಸಿಯೇ ತೀರುತ್ತೇನೆಂದು ಹಟಕ್ಕೆ ಬಿದ್ದೆ.

ಮೊದಲ ಅಡ್ಡಿ ಇಂಗ್ಲಿಷ್. ಊಟದ ಬಿಡುವಾದ ಮೇಲೆ ದಿನಾ ಅರ್ಧ ಗಂಟೆ ಇಂಗ್ಲಿಷ್ ಬಿಟ್ಟು ಬೇರೆ ಮಾತೇ ಆಡಕೂಡದು ಎಂದು ಆಜ್ಞೆ ಹೊರಡಿಸಿದೆ. ಆ ಕ್ಷಣದಿಂದ ಕ್ಲಾಸಿನಲ್ಲಿ ಪಿಟ್ಟೆಂದವರಿಲ್ಲ. ನಾನೂ ಸುಮ್ಮನಿದ್ದೆ, ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ. ಮೂರನೇ ದಿನ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ನೋಡಿದರು. ಸಂಜೆ ಸ್ಟಾಫ್ ರೂಮಿನಲ್ಲಿ, "ಶಿಸ್ತು ಅಂದ್ರೆ ಇವರ ಕ್ಲಾಸು" ಎಂದು ಎಲ್ಲರೆದುರು ನನ್ನನ್ನು ಹೊಗಳಿದರು.

೨. ಮಾದರಿ ಫಾರ್ಮು

ಅಡ್ಮಿಷನ್ ಫಾರ್ಮಿನಲ್ಲಿ ತಪ್ಪಾದರೆ ಕಾಲೇಜಿನವರು ಮುಖ ನೋಡದೆ ಬದಿಗಿಡುತ್ತಾರೆ. ಅಭ್ಯಾಸಕ್ಕೆಂದು ಖಾಲಿ ಫಾರ್ಮು ಹಂಚಿ, ಹಲಗೆಯ ಮೇಲೆ ನನ್ನದೇ ವಿವರ ತುಂಬಿ ತೋರಿಸಿದೆ. ವಾಪಸು ಪಡೆದು ನೋಡಿದರೆ ಎಲ್ಲದರಲ್ಲೂ ನನ್ನ ಹೆಸರು, ನನ್ನ ಜನ್ಮ ದಿನಾಂಕ, ಕೆಳಗೆ ನನ್ನ ಸಹಿ. ಹಲಗೆಯ ಮೇಲಿದ್ದದ್ದನ್ನು ಒಂದಕ್ಷರ ಬಿಡದೆ ಇಳಿಸಿಕೊಳ್ಳಬೇಕೆಂದು ಹತ್ತು ವರ್ಷ ಕಲಿಸಿದವರು ನಾವೇ. ಬಡಗಿಯ ಮಗಳದ್ದು ಮಾತ್ರ ಖಾಲಿ.

"ಯಾಕಮ್ಮ ತುಂಬಿಲ್ಲ?"

"ನಲವತ್ತೊಂದು ವರ್ಷದವರನ್ನ ಹನ್ನೊಂದನೇ ಕ್ಲಾಸಿಗೆ ತಗೋತಾರೇನ್ರಿ ಸರ್ರ?"

೩. ಕೆಳಗಿನಿಂದ

ಜೂನ್‌ನಲ್ಲಿ ರಿಸಲ್ಟ್ ಬಂತು. ಶಾಲೆಗೇ ಅವಳು ಮೊದಲು. ಆದರೂ ಅವಳ ಮಾರ್ಕು ಆ ಕಾಲೇಜಿಗೆ ಸಾಕಾದೀತೆಂಬ ಧೈರ್ಯ ನನಗಿರಲಿಲ್ಲ. ಮಾರ್ಕ್‌ಶೀಟಿನ ನಕಲನ್ನು ಫಾರ್ಮಿಗೆ ಲಗತ್ತಿಸಿ ಕೊಟ್ಟು ಕಾದೆವು.

ಪಟ್ಟಿ ಹಚ್ಚಿದ ದಿನ ಬಡಗಿಯೂ ನನ್ನ ಜೊತೆ ಬಂದ. ನೂಕುನುಗ್ಗಲಲ್ಲಿ ಮೊದಲ ಹೆಸರಿನಿಂದ ಹುಡುಕುತ್ತಾ ನಾನು ಬೆವರಿ ಒದ್ದೆಯಾದೆ. ಅವನು ನೆಟ್ಟಗೆ ಕೊನೆಯ ಹಾಳೆಯ ಕೆಳತುದಿಗೆ ಬೆರಳಿಟ್ಟು ಕೂಗಿದ, "ಇಲ್ಲೈತ್ರಿ ಮಾಸ್ತರ್ರ!"

ಕಟ್ಟಕಡೆಯ ಹೆಸರು ಅವಳದ್ದೇ!

"ನೀವು ಮ್ಯಾಲಿಂದ ಯಾಕ ಹೊಂಟಿದ್ರಿ?" ಎಂದ ಅವನು. "ಸುಮ್ನ ಟೈಮ್ ವೇಸ್ಟ್."

೪. ಮೊಳೆ

ಮಾರನೆಯ ದಿನ ಮಧ್ಯಾಹ್ನ ಒಂದು ಗಂಟೆಯೊಳಗೆ ಮೂಲ ಮಾರ್ಕ್‌ಶೀಟು ಒಪ್ಪಿಸದಿದ್ದರೆ ಸೀಟು ಮುಂದಿನವರಿಗೆ. ಅಪ್ಪ ಮಗಳನ್ನು ಕರೆದುಕೊಂಡು ಹೋಗಲು ಚಾಳಿಗೆ ಹೋದವನು ಎದೆ ಹಿಡಿದುಕೊಂಡೆ. ಮಾರ್ಕ್‌ಶೀಟು ಗೋಡೆಯ ಮೇಲೆ, ತೇಗದ ಚೌಕಟ್ಟಿನಲ್ಲಿ, ಗಾಜಿನ ಹಿಂದೆ, ಎಲ್ಲಮ್ಮನ ಫೋಟೋದ ಪಕ್ಕದಲ್ಲಿ ಹೂಮಾಲೆ ಹಾಕಿಕೊಂಡು ಕೂತಿತ್ತು.

"ಬಿಚ್ರಿ ಬೇಗ!"

"ಬಿಚ್ಚಾಕ ಬರಾಂಗಿಲ್ರಿ. ನಾ ಬಡದ ಮೊಳಿ. ಕಿತ್ರ ಗಾಜು ಒಡದು ಕಾಗದಾ ಹರಿತೈತಿ."

ಇನ್ನೇನು ಮಾಡುವುದು? ಚೌಕಟ್ಟನ್ನೇ ಕೆಂಪು ಬಟ್ಟೆಯಲ್ಲಿ ಸುತ್ತಿ ಮೂವರೂ ಲೋಕಲ್ ಹತ್ತಿದೆವು. ಕಾಲಿಡಲು ಜಾಗವಿಲ್ಲದ ಡಬ್ಬಿ. ಕೆಂಪು ಬಟ್ಟೆ, ಹೊರಗೆ ಇಣುಕುವ ಹೂವು ಕಂಡದ್ದೇ ಜನ ಸರಿದು ದಾರಿ ಬಿಟ್ಟರು. ಒಬ್ಬರು ಎದ್ದು ಚೌಕಟ್ಟಿಗೆ ಸೀಟೇ ಕೊಟ್ಟರು. ನಾನು ಸುಳ್ಳು ಹೇಳಲಿಲ್ಲ, ಪಕ್ಕದಲ್ಲಿ ಕೈಮುಗಿದು ನಿಂತೆ, ಅಷ್ಟೇ. ಹುಡುಗಿ ನಗು ತಡೆಯಲಾರದೆ ಅತ್ತ ತಿರುಗಿದಳು.

ಒಂದಕ್ಕೆ ಹತ್ತು ನಿಮಿಷವಿರುವಾಗ ಚೌಕಟ್ಟು ಕೌಂಟರಿನ ಮೇಲೆ ಬಿತ್ತು. "ಯೇ ಕ್ಯಾ ಹೈ?" ಎಂದ ಕ್ಲಾರ್ಕು.

"ಒರಿಜಿನಲ್," ಎಂದೆ.

"ಫೈಲಿನಲ್ಲಿ ಹೇಗೆ ಇಡಲಿ?" ಎಂದು ಅವನು ಹಿಂದಿಯಲ್ಲಿ ರೇಗಾಡಿದ. ಗಲಾಟೆ ಕೇಳಿ ಪ್ರಿನ್ಸಿಪಾಲರೇ ಬಂದರು. ಮಾರ್ಕು ನೋಡಿದರು, ಹಿಂದೆ ಸಾಲಾಗಿ ಬಡಿದ ಮೊಳೆ ನೋಡಿದರು, ಹುಡುಗಿಯ ಮುಖ ನೋಡಿದರು. ನಕ್ಕು, ಫಾರ್ಮಿನ ಮೇಲೆ ಬರೆದರು: "ಮೂಲ ಪ್ರತಿ ಬಂದಿದೆ. ಗೋಡೆಗೆ ತೂಗುಹಾಕಿ."

ಎರಡು ವರ್ಷ ಅದು ಆಫೀಸಿನ ಗೋಡೆಯ ಮೇಲಿತ್ತು. ಪ್ಯೂನ್ ಬೆಳಿಗ್ಗೆ ಉಳಿದ ಫೋಟೋಗಳ ಜೊತೆ ಅದಕ್ಕೂ ಊದುಬತ್ತಿ ಬೆಳಗುತ್ತಿದ್ದನಂತೆ. ಮರುವರ್ಷ ನಮ್ಮ ಶಾಲೆಯಲ್ಲಿ ಸೈನ್ಸ್ ಕೇಳಿದವರು ಆರು ಮಂದಿ. ಹೆಡ್‌ಮಾಸ್ಟರು ಆರು ಫಾರ್ಮಿಗೂ ಸಹಿ ಹಾಕಿದರು.

ಹನ್ನೆರಡನೆಯದರಲ್ಲಿ ಅವಳು ಫಸ್ಟ್ ಕ್ಲಾಸ್ ಬಂದಳು. ಮೂರೇ ದಿನಕ್ಕೆ ಬಡಗಿ ನಮ್ಮ ಮನೆ ಬಾಗಿಲಲ್ಲಿ. ಕಂಕುಳಲ್ಲಿ ಹೊಸ ಚೌಕಟ್ಟು, ಒಳಗೆ ಹೊಸ ಮಾರ್ಕ್‌ಶೀಟು!

"ಅಯ್ಯೋ ಮಾರಾಯ, ಡಿಗ್ರಿಗೆ ಸೇರಿಸೋದು ಬೇಡವೇನ್ರೀ?" ಎಂದು ಕಿರುಚಿದೆ.

ಅವನು ನಿಧಾನವಾಗಿ ಚೌಕಟ್ಟಿನ ಹಿಂಬದಿ ತಿರುಗಿಸಿ ತೋರಿಸಿದ.

"ಮೊಳಿ ಬಡದಿಲ್ರಿ ಮಾಸ್ತರ್ರ. ಈ ಸಲ ಸ್ಕ್ರೂ ಹಾಕೀನಿ. ಆಕಿ ಇನ್ನೂ ಭಾಳ ಕಾಲೇಜಿಗೆ ಹೋಗಾಕಿ ಅದಾಳ."