ಇಂದುಶೇಖರನ ನೇರ ಗೆರೆ

ಇಂದುಶೇಖರನ ಕಷ್ಟಗಳಿಗೆಲ್ಲ ಮೂಲ ಒಂದು ಎಮ್ಮೆ. ಹೆಸರು ಲಾಡ್ಲಿ. ದೆಹಲಿಯ ಮುನಿರ್ಕಾ ಹಳ್ಳಿಯ ಆ ಮೂರಂತಸ್ತಿನ ಕಟ್ಟಡದಲ್ಲಿ ನೆಲಮಟ್ಟದ ಎರಡು ಕೋಣೆ ಇಂದುಶೇಖರನ ಬಾಡಿಗೆಮನೆ. ಅದರ ಬೆನ್ನಿಗಿದ್ದ ಕೊಟ್ಟಿಗೆ ಲಾಡ್ಲಿಯ ಸ್ವಂತ ಮನೆ. ನಡುವೆ ಒಂದು ತೆಳ್ಳನೆಯ ಗೋಡೆ. ನೊಣ ಓಡಿಸಲೆಂದು ಲಾಡ್ಲಿ ಒಮ್ಮೆ ಕಾಲು ಝಾಡಿಸಿದರೆ ಸಾಕು, ಗೋಡೆಯ ಈಚೆ ಇಂದುಶೇಖರನ ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಗೆರೆಯೊಂದು ನಾಗರಹಾವಿನಂತೆ ಹೆಡೆ ಎತ್ತುತ್ತಿತ್ತು.

ಆ ಗೆರೆ ಭೂಕಂಪಮಾಪಕದ್ದು. ಇಂದುಶೇಖರ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ಸಂಶೋಧಕ. ಭುಜ್‌ನಲ್ಲಿ ಭೂಮಿ ನಡುಗಿದ ಮೇಲೆ ದೆಹಲಿಯ ಯಾವ ಮೊಹಲ್ಲಾ ಎಷ್ಟು ನಡುಗೀತು ಎಂದು ತಿಳಿಯುವ ಆಸೆ ಸರ್ಕಾರಕ್ಕೆ ಹುಟ್ಟಿ, ವಿಭಾಗಕ್ಕೆ ಹಣ ಬಂತು, ಯಂತ್ರಗಳು ಬಂದವು. ಕ್ಯಾಂಪಸ್ಸಿನಲ್ಲಿ ಇಟ್ಟ ಮೊದಲ ಯಂತ್ರದ ತಂತಿಯನ್ನು ಕೋತಿಗಳು ಜನಿವಾರದಂತೆ ಹಾಕಿಕೊಂಡು ಮರ ಹತ್ತಿದ್ದರಿಂದ, ಉಳಿದವನ್ನು ಸಂಶೋಧಕರು ತಂತಮ್ಮ ಮನೆಗಳಲ್ಲಿ ಇಟ್ಟುಕೊಳ್ಳಬೇಕೆಂದು ತೀರ್ಮಾನವಾಯಿತು. ಕುಕ್ಕರಿನ ಗಾತ್ರದ ಇಂದುಶೇಖರನ ಯಂತ್ರ ಹಿಂದಿನ ಕೋಣೆಯ ಸಿಮೆಂಟ್ ಕಟ್ಟೆಯ ಮೇಲೆ ಮೂರು ಕಾಲೂರಿ ಕೂತಿತ್ತು.

ವಿಭಾಗದ ಚರಿತ್ರೆ ಕೇಳುವಂಥದು. ಭೂಕಂಪ ದಾಖಲಿಸಲೆಂದೇ ಹುಟ್ಟಿದ ಆ ವಿಭಾಗ ಅಲ್ಲಿಯವರೆಗೆ ಒಂದನ್ನೂ ದಾಖಲಿಸಿರಲಿಲ್ಲ. ಮೊದಲನೆಯದು ಬಂದಾಗ ಯಂತ್ರದ ಕಾಗದ ಮುಗಿದಿತ್ತು. ಹೊಸ ಸುರುಳಿಗೆ ಟೆಂಡರ್ ಕರೆದಿದ್ದರು. ಎರಡನೆಯದು ಬಂದಾಗ, ಯಂತ್ರಕ್ಕೆ ದಿನಾ ಕೀಲಿ ಕೊಡುತ್ತಿದ್ದ ಗುಮಾಸ್ತ ಭಾವಮೈದುನನ ಮದುವೆಗೆಂದು ಮೀರತ್‌ಗೆ ಹೋಗಿದ್ದ. ಮೂರನೆಯದರ ಹೊತ್ತಿಗೆ ಯಂತ್ರವನ್ನು ರಜತ ಮಹೋತ್ಸವದ ಪ್ರದರ್ಶನಕ್ಕೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನೋಡಲು ಬಂದವರು ದಿಕ್ಕಾಪಾಲಾಗಿ ಓಡಿದರು. ಯಂತ್ರ ಚೆಂಡುಹೂವಿನ ಮಾಲೆ ಹಾಕಿಕೊಂಡು ಸುಮ್ಮನೆ ನಿಂತಿತ್ತು.

ನವೆಂಬರಿನ ಆ ಬೆಳಗ್ಗೆ, ಇಂದುಶೇಖರ ಇನ್ನೂ ಹಲ್ಲುಜ್ಜುತ್ತಿರುವಾಗ, ಮುಖ್ಯಸ್ಥ ಪ್ರೊಫೆಸರ್ ಬಾಗ್ಚಿ ಫೋನ್ ಮಾಡಿದರು.

"ನಾಳೆ ಮಿನಿಸ್ಟ್ರಿ ಸಮಿತಿ ಕೂರುತ್ತೆ. ಗದ್ದಲ ದಾಖಲಿಸೋ ಯಂತ್ರಕೇಂದ್ರಗಳನ್ನೆಲ್ಲ ಮುಚ್ತಾರಂತೆ. ಇವತ್ತು ಹತ್ತರಿಂದ ಐದರವರೆಗೆ ನಿನ್ನ ಯಂತ್ರದ ಗೆರೆ ಶಾಂತವಾಗಿರಬೇಕು. ನಿನ್ನೆಯದು ನೋಡಿದೆ. ಏನದು, ಇಂದುಶೇಖರ್? ಮನೆಯಲ್ಲಿ ಕುಸ್ತಿ ಇಟ್ಟಿದ್ದೀಯಾ?"

"ಎಮ್ಮೆ, ಸರ್."

"ಎಮ್ಮೆಯನ್ನ ಸಮಿತಿಗೆ ವಿವರಿಸೋಕಾಗಲ್ಲ. ಕೇಂದ್ರ ಮುಚ್ಚಿದರೆ ನಿನ್ನ ಫೆಲೋಶಿಪ್ಪೂ ಮುಚ್ಚಿದ ಹಾಗೆ. ನನ್ನ ಕೈಲಿ ಏನೂ ಇಲ್ಲ."

ಪ್ರೊಫೆಸರ್ ಬಾಗ್ಚಿಯವರ ಕೈಲಿ ಏನೂ ಇಲ್ಲದ್ದನ್ನು ಇಂದುಶೇಖರ ಆರು ವರ್ಷದಿಂದ ನೋಡುತ್ತ ಬಂದಿದ್ದ. ಬಾಯಲ್ಲಿದ್ದ ಪೇಸ್ಟನ್ನು ನುಂಗಿದ.

ಹೆಂಡತಿ ವೈಜಯಂತಿ ಕೃಷಿ ಭವನದಲ್ಲಿ ಸ್ಟೆನೊ. ಚಾರ್ಟರ್ಡ್ ಬಸ್ಸಿಗೆ ಹೊರಡುತ್ತ ಸೆರಗಿಗೆ ಪಿನ್ ಚುಚ್ಚಿಕೊಂಡು ಹೇಳಿದಳು: "ನಿಮ್ಮ ಫೆಲೋಶಿಪ್ ಹೋದ್ರೆ ನನ್ನೊಬ್ಬಳ ಸಂಬಳದಲ್ಲಿ ಈ ಊರಲ್ಲಿ ಇರೋದಾಗಲ್ಲ, ತಿಳೀತಾ? ಆ ಚೌಧರಿ ಹತ್ರ ನಾಚಿಕೆ ಬಿಟ್ಟು ಮಾತಾಡಿ. ನೆಲ ಗುದ್ದೋರನ್ನೆಲ್ಲ ನಿಲ್ಲಿಸಿ." ಹೇಳಿ, ಬಾಗಿಲನ್ನು ಧಡಾರನೆ ಹಾಕಿಕೊಂಡು ಹೋದಳು. ಗೆರೆ ಹೆಡೆ ಎತ್ತಿತು.

ಅದು ಇಳಿಯುವ ಮೊದಲೇ ಮೇಲಿನಿಂದ ಶುರುವಾಯಿತು: ಧಪ್, ಧಪ್, ಧಪ್. ಮೊದಲ ಮಹಡಿಯಲ್ಲಿ ಇದ್ದವರು ಕೇಶವಮೂರ್ತಿ ಮತ್ತು ವಿಜಯಮ್ಮ. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷ ಕಳೆದು, ನಿವೃತ್ತರಾದ ಮೇಲೆ ರಸ್ತೆ ದಾಟಿ ಮುನಿರ್ಕಾಕ್ಕೆ ಬಂದ ದಂಪತಿ. ಇಂದುಶೇಖರ ಬರಿಗಾಲಲ್ಲಿ ಮೆಟ್ಟಿಲು ಹತ್ತಿದ. ವಿಜಯಮ್ಮ ಕಬ್ಬಿಣದ ಕುಟ್ಟಾಣಿಯಲ್ಲಿ ಚಟ್ನಿಪುಡಿ ಕುಟ್ಟುತ್ತಿದ್ದರು.

"ಅಮ್ಮಾ, ಇವತ್ತೊಂದು ದಿನ ಕುಟ್ಟಬೇಡಿ."

"ಯಾಕಪ್ಪಾ, ತಲೆನೋವಾ?"

"ನನಗಲ್ಲ, ಯಂತ್ರಕ್ಕೆ. ಅದು ಸಾಯಂಕಾಲದವರೆಗೂ ಒಂದಿಷ್ಟೂ ಅಲುಗಬಾರದು. ಅಲುಗಿದ್ರೆ ನನ್ನ ಕೆಲಸ ಹೋಗುತ್ತೆ."

ವಿಜಯಮ್ಮನ ಕೈ ಅಲ್ಲೇ ನಿಂತಿತು. "ಅಯ್ಯೋ ಶಿವನೇ! ಮೊದಲೇ ಹೇಳಬಾರದಾ? ಬಾಣಂತಿ ಮಲಗಿದ್ದಾಳೆ ಅಂತ ತಿಳ್ಕೋತೀನಿ ಬಿಡು. ನನ್ನ ಮಗಳು ಹರಿಣಿ ಬಾಣಂತನದಲ್ಲಿ ಈ ಮನೇಲಿ ಒಂದು ಸೌಟು ಕೆಳಗೆ ಬೀಳೋಕೆ ಬಿಡಲಿಲ್ಲ ನಾನು, ಕೇಳು ಇವರನ್ನ."

ಕೇಶವಮೂರ್ತಿ ಪೇಪರ್ ಮಡಚಿದರು. ನಿವೃತ್ತಿಯ ನಂತರ ಅವರಿಗೆ ಸಿಕ್ಕ ಮೊದಲ ಸರ್ಕಾರಿ ಕೆಲಸ ಇದು. "ನೀವು ನಿಶ್ಚಿಂತೆಯಾಗಿರ್ರಿ. ಸೆಕ್ಯುರಿಟಿ ನಂಗೆ ಬಿಡಿ," ಎಂದು ಮಫ್ಲರ್ ಸುತ್ತಿ, ಊರುಗೋಲು ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತರು. ಹಾಲಿನವನು ಬಂದ. "ಭಯ್ಯಾ, ಧೀರೇ! ಮೆಲ್ಲಗೆ!" ಎಂದು ಕೋಲನ್ನು ನೆಲಕ್ಕೆ ಕುಟ್ಟಿದರು. ಕಸದವನು ಬಂದ. "ಧೀರೇ, ಧೀರೇ!" ಕುಟ್ಟಿದರು. ಎರಡನೇ ಮಹಡಿಯ ವಿದ್ಯಾರ್ಥಿಗಳು ಇಳಿದರು. ಒಬ್ಬೊಬ್ಬನಿಗೂ ಎರಡೆರಡು ಸಲ ಕುಟ್ಟಿದರು. ಒಳಗೆ ಪರದೆಯ ಮೇಲೆ ಗೆರೆ ಜ್ವರ ಬಂದವನ ನಾಡಿಯಂತೆ ಕುಣಿಯುತ್ತಿತ್ತು.

"ಸಾರ್," ಇಂದುಶೇಖರ ಕೈಮುಗಿದ, "ದಯವಿಟ್ಟು ಕೋಲು..."

"ಕೋಲಿಲ್ಲದೆ ಹೆದರ್ತಾರೇನ್ರೀ ಇವರು?"

ಕೊನೆಗೆ ಕೋಲಿನ ತುದಿಗೆ ಹಳೇ ಸ್ವೆಟರಿನ ತೋಳು ಕಟ್ಟಿದ ಮೇಲೆ ಆ ವಿಷಯ ಬಗೆಹರಿಯಿತು. ಉಳಿದದ್ದು ಲಾಡ್ಲಿ.

ಮನೆಯ ಮಾಲೀಕ ಚೌಧರಿ ಗಲ್ಲಿಯ ಬಾಯಲ್ಲಿ ಚಾರ್ಪಾಯಿ ಎಂಬ ಹಗ್ಗದ ಮಂಚ ಹಾಕಿಕೊಂಡು, ಹುಕ್ಕಾ ಸೇದುತ್ತ, ಪಕ್ಕದಲ್ಲಿ ಕೂತ ಪ್ರಾಪರ್ಟಿ ಡೀಲರ್ ಗುಪ್ತಾನಿಗೆ ದೇಶದ ಸ್ಥಿತಿ ವಿವರಿಸುತ್ತಿದ್ದ. ಇಂದುಶೇಖರನ ಅಹವಾಲು ಕೇಳಿ ಬಹಳ ಹೊತ್ತು ನಕ್ಕ.

"ಮಾಸ್ಟರ್‌ಜೀ, ಎಮ್ಮೆಗೆ ಕಾಲಾಡಿಸಬೇಡ ಅಂತ ಹೇಳೋಕಾಗುತ್ತಾ? ನೀವೇ ಹೇಳಿ ನೋಡಿ. ಓದಿದವರು."

"ಇವತ್ತು ಹಗಲಿಗೆ ಬೇರೆ ಕಡೆ ಕಟ್ಟೋಕಾಗಲ್ವಾ, ಚೌಧರಿ ಸಾಹೇಬ್?"

"ಬೇರೆಯವರ ಕೊಟ್ಟಿಗೇಲಿ ಲಾಡ್ಲಿ ನಿಲ್ಲಲ್ಲ. ಮೇಯೋಕೆ ಹೋಗ್ತಾಳೆ, ಖುಷಿಯಾಗಿ ಹೋಗ್ತಾಳೆ. ಯಾರಾದರೂ ಕರ್ಕೊಂಡು ಹೋದರೆ." ಚೌಧರಿ ಹುಕ್ಕಾ ಕೊಳವೆಯಿಂದ ಇಂದುಶೇಖರನನ್ನು ಮೇಲಿಂದ ಕೆಳಗೆ ಅಳೆದ. "ಚಲೋ, ಹಗ್ಗ ಅಲ್ಲೇ ಇದೆ."

ಹತ್ತು ಗಂಟೆ ಹತ್ತಿರವಾಗುತ್ತಿತ್ತು. ಯೋಚಿಸಲು ಪುರಸೊತ್ತಿರಲಿಲ್ಲ. ಮನೆಯ ಬೀಗದ ಕೈಯನ್ನು ವಿಜಯಮ್ಮನ ಕೈಗಿತ್ತು, "ಅಮ್ಮಾ, ಯಾರನ್ನೂ ಒಳಗೆ ಬಿಡಬೇಡಿ. ಅದು ಅಲುಗದ ಹಾಗೆ ನೋಡ್ಕೊಳ್ಳಿ. ನಿಮ್ಮ ಮೇಲೆ ಭಾರ," ಎಂದ.

"ನನ್ನ ಮಗು ಅಂದ್ಕೊಂಡಿದೀನಿ, ಹೋಗು," ಎಂದರು ವಿಜಯಮ್ಮ.

ಹೀಗೆ, ಭೂಮಿಯ ಆಳದ ಅಲೆಗಳ ಮೇಲೆ ಮಹಾಪ್ರಬಂಧ ಬರೆದ ಡಾಕ್ಟರ್ ಇಂದುಶೇಖರ, ಎಮ್ಮೆಯ ಹಿಂದೆ ಹೊರಟ. ಹಿಂದೆ ಎನ್ನುವುದೇ ಸರಿ; ಹಗ್ಗದ ಒಂದು ತುದಿ ಇವನ ಕೈಲಿ ಇತ್ತೇ ಹೊರತು, ದಾರಿಯ ತೀರ್ಮಾನವೆಲ್ಲ ಲಾಡ್ಲಿಯದು. ಅವಳು ಪಾರ್ಕಿನ ಹುಲ್ಲನ್ನು ತಿರಸ್ಕರಿಸಿದಳು. ಗಲ್ಲಿಯ ಸಬ್ಜಿವಾಲನ ಗಾಡಿಯಿಂದ ಒಂದು ಹೂಕೋಸನ್ನು ಸ್ವೀಕರಿಸಿದಳು. ರಿಂಗ್ ರಸ್ತೆಯಲ್ಲಿ ಬ್ಲೂಲೈನ್ ಬಸ್ಸೊಂದನ್ನು ತಡೆದು ನಿಲ್ಲಿಸಿ, ಚಾಲಕ ಇಂದುಶೇಖರನ ವಂಶವನ್ನೆಲ್ಲ ನೆನೆಯುವಂತೆ ಮಾಡಿದಳು. ಕೊನೆಗೆ ವಿಶ್ವವಿದ್ಯಾಲಯದ ಗೇಟಿನ ಎದುರು, ಮೊದಲ ವರ್ಷದ ಎಂ.ಎಸ್ಸಿ. ತರಗತಿ ಇಡೀ ಚಹಾ ಕುಡಿಯುತ್ತಿದ್ದ ಜಾಗದಲ್ಲಿ, ಮಲಗಿಬಿಟ್ಟಳು.

"ಗುಡ್ ಮಾರ್ನಿಂಗ್, ಸರ್," ಎಂದಳು ಸ್ಫೂರ್ತಿ ಎಂಬ ವಿದ್ಯಾರ್ಥಿನಿ. ಮೈಸೂರಿನ ಹುಡುಗಿ, ಒಳ್ಳೆಯ ಸಂಸ್ಕಾರ. "ಫೀಲ್ಡ್ ವರ್ಕಾ ಸರ್?"

"ಹೌದು," ಎಂದ ಇಂದುಶೇಖರ. ಸುಳ್ಳೇನೂ ಅಲ್ಲ.

ಲಾಡ್ಲಿಗೆ ಎದ್ದೇಳುವ ಮನಸ್ಸಾದದ್ದು ಮೂರು ಗಂಟೆಯ ಮೇಲೆ. ಮನೆ ತಲುಪಿದಾಗ ಇಂದುಶೇಖರನ ಚಪ್ಪಲಿಯ ಉಂಗುಷ್ಠ ಕಿತ್ತು, ಮೈಯೆಲ್ಲ ಹುಲ್ಲಿನ ವಾಸನೆಯಾಗಿತ್ತು. ಲಾಡ್ಲಿಯನ್ನು ಗಲ್ಲಿಯಾಚೆಯ ವಿದ್ಯುತ್ ಕಂಬಕ್ಕೆ ಕಟ್ಟಿ, ತುದಿಗಾಲಲ್ಲಿ ಮುಂದಿನ ಕೋಣೆಗೆ ಹೊಕ್ಕು ಪರದೆ ನೋಡಿದ.

ಹತ್ತು ಗಂಟೆಯಿಂದ ಈಚೆಗೆ ಗೆರೆ ನೇರವಾಗಿತ್ತು. ಸ್ಕೇಲು ಇಟ್ಟು ಎಳೆದಂತೆ. ಒಂದು ಸುಕ್ಕಿಲ್ಲ, ಒಂದು ನಡುಕವಿಲ್ಲ. ಇಂದುಶೇಖರನಿಗೆ ಕಣ್ಣು ತುಂಬಿ ಬಂತು. ಹೆಜ್ಜೆಯ ಸದ್ದಾದೀತೆಂದು ಹಿಂದಿನ ಕೋಣೆಯ ಬಾಗಿಲು ತೆಗೆಯಲೂ ಇಲ್ಲ.

"ಹೇಗೆ?" ಮೆಟ್ಟಿಲ ಮೇಲಿಂದ ವಿಜಯಮ್ಮ ಪಿಸುಗುಟ್ಟಿದರು.

"ಅಮ್ಮಾ, ನೀವು ದೇವರು!"

"ಅಲುಗೋದಕ್ಕೆ ಬಿಡ್ತೀನಾ ನಾನು?"

ಐದಕ್ಕೆ ದಾಖಲೆ ಫೋನಿನ ತಂತಿಯಲ್ಲಿ ಹಾದು ವಿಭಾಗ ಸೇರಿತು. ಇಂದುಶೇಖರ ಲಾಡ್ಲಿಯನ್ನು ಗೌರವದಿಂದ ಕೊಟ್ಟಿಗೆಗೆ ಕರೆತಂದ. ವೈಜಯಂತಿ ಬಂದಳು, ವಿಷಯ ಕೇಳಿ ಗಂಡನ ಬೆನ್ನು ತಟ್ಟಿ, ಮೂಗು ಮುಚ್ಚಿಕೊಂಡು, "ಮೊದಲು ಸ್ನಾನ ಮಾಡಿ," ಎಂದಳು.

ಅವನು ಬಚ್ಚಲಿಗೆ ಕಾಲಿಡುವಷ್ಟರಲ್ಲಿ ತಂಬಿಗೆ ತಾನಾಗಿ ಜಾರಿತು. ಗೂಡಿನ ಲೋಟಗಳು ಒಂದಕ್ಕೊಂದು ಹಲ್ಲು ಕಡಿದವು. ಫ್ಯಾನು ಯಾರೋ ಹಿಡಿದು ತೂಗಿದಂತೆ ತೂಗಿತು. ಲಾಡ್ಲಿ ಮುಗಿಲು ಹರಿಯುವಂತೆ ಕೂಗಿದಳು.

"ಭೂಕಂಪ!" ಎಂದು ಕಿರುಚಿ ವೈಜಯಂತಿ ಹೊರಗೋಡಿದಳು. ಗಲ್ಲಿಯ ತುಂಬ ಜನ. ಕೇಶವಮೂರ್ತಿ ಸ್ವೆಟರಿನ ಕೋಲು ಹಿಡಿದು, ಗುಪ್ತಾ ಚಹಾದ ಗ್ಲಾಸು ಹಿಡಿದು, ವಿಜಯಮ್ಮ ದೇವರ ಪಟ ಹಿಡಿದು ನಡುಗುತ್ತಿದ್ದರು. ಅವರೆಲ್ಲರ ನಡುವೆ ಟವೆಲ್ ಸುತ್ತಿಕೊಂಡ ಇಂದುಶೇಖರ ಕುಣಿಯುತ್ತಿದ್ದ.

"ಬಂತು! ಬಂತು! ನಮ್ಮ ಡಿಪಾರ್ಟ್‌ಮೆಂಟಿಗೆ ಮೊದಲನೇದು!"

"ತಲೆಗೇನಾದ್ರೂ ಬಿತ್ತೇನಮ್ಮ ಇವನಿಗೆ?" ವಿಜಯಮ್ಮ ವೈಜಯಂತಿಯನ್ನು ಕೇಳಿದರು.

ಭೂಮಿ ತಣ್ಣಗಾದದ್ದೇ ಇಂದುಶೇಖರ ಒಳಗೆ ನುಗ್ಗಿದ. ಹಿಂದೆಯೇ ಚೌಧರಿ, ಗುಪ್ತಾ, ಅರ್ಧ ಗಲ್ಲಿ.

ಪರದೆಯ ಮೇಲೆ ಗೆರೆ ನೇರವಾಗಿತ್ತು.

ಇಂದುಶೇಖರ ಪರದೆಯನ್ನು ತಟ್ಟಿದ. ಕಣ್ಣುಜ್ಜಿದ. ಆಮೇಲೆ ಹೋಗಿ ಹಿಂದಿನ ಕೋಣೆಯ ಬಾಗಿಲು ತೆಗೆದ. ಸಿಮೆಂಟ್ ಕಟ್ಟೆಯ ಮೇಲೆ ಎರಡು ಮಡಿಕೆಯಾಗಿ ಬೂರುಗದ ಹತ್ತಿಯ ಹಾಸಿಗೆ. ಹಾಸಿಗೆಯ ಮೇಲೆ, ದಿಂಬಿಗೆ ಒರಗಿ, ಕತ್ತಿನವರೆಗೆ ಶಾಲು ಹೊದ್ದು, ಭೂಕಂಪಮಾಪಕ ಮಲಗಿತ್ತು. ಗಾಳಿ ತಾಗದಿರಲೆಂದು ಕಿಟಕಿಗೆ ಹಳೇ ಸೀರೆ ಕಟ್ಟಿತ್ತು.

"ಹರಿಣಿ ಬಾಣಂತನಕ್ಕೆ ಮಾಡಿಸಿದ ಹಾಸಿಗೆ," ಎಂದರು ಹಿಂದಿನಿಂದ ವಿಜಯಮ್ಮ, ಹೆಮ್ಮೆಯಿಂದ. "ಆ ಬರೀ ಸಿಮೆಂಟ್ ಮೇಲೆ ಇಟ್ರೆ ಅಲುಗದೆ ಇನ್ನೇನಾಗುತ್ತೆ? ನೀನು ಅತ್ತ ಹೋದೆ, ನಾನು ಇತ್ತ ಮಲಗಿಸಿದೆ. ನೋಡು, ಭೂಕಂಪಕ್ಕೂ ಎಚ್ಚರ ಆಗಿಲ್ಲ!"

ನೆಟ್ಟಗೆ ನಿಂತರೆ ಮಾತ್ರ ಆ ಯಂತ್ರದ ಒಳಗಿನ ತೂಕ ತೂಗಾಡುತ್ತದೆ. ವಾಲಿಸಿದರೆ ಒಂದು ಮಗ್ಗುಲಿಗೆ ಒರಗಿ ಸುಮ್ಮನಾಗಿಬಿಡುತ್ತದೆ. ಇಂದುಶೇಖರ ಶಾಲನ್ನು ಮೆಲ್ಲಗೆ ಸರಿಸಿದ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು.

"ಇಂದುಶೇಖರ್!" ಬಾಗ್ಚಿಯವರ ದನಿ ಹಬ್ಬದಂತಿತ್ತು. "ನಿನ್ನ ಗೆರೆಯನ್ನ ಐದೂಕಾಲಿಗೇ ಸಮಿತಿ ಅಧ್ಯಕ್ಷರಿಗೆ ಫ್ಯಾಕ್ಸ್ ಮಾಡಿದೆ. ಇಂಥ ನಿಶ್ಶಬ್ದ ಅವರು ನೋಡೇ ಇಲ್ಲವಂತೆ. ನಾಳೆಯ ಸಭೆ ಬರೀ ಶಾಸ್ತ್ರಕ್ಕಂತೆ; ಊರಿಗೆಲ್ಲ ನಿನ್ನದೊಂದೇ ಕೇಂದ್ರ ಒಪ್ಪಿದ್ದಾರೆ. ಮೂರು ವರ್ಷ ಫೆಲೋಶಿಪ್!"

"ಸರ್, ಒಂದು ತಪ್ಪಾಗಿದೆ. ಯಂತ್ರ ಹಾಸಿಗೆ ಮೇಲೆ ಮಲಗಿತ್ತು. ಈಗಿನ ಭೂಕಂಪವೂ ದಾಖಲಾಗಿಲ್ಲ."

ಆ ಕಡೆ ಕಾಗದ ಮಡಚುವ ಸದ್ದಾಯಿತು. ಆಡಳಿತದ ಅನುಭವವಿರುವ ಸದ್ದು.

"ನೋಡು," ಎಂದರು ಬಾಗ್ಚಿ ಕೊನೆಗೆ. "ಸಮಿತಿ ಕೇಳಿದ್ದು ನಿಶ್ಶಬ್ದ. ಭೂಕಂಪ ಅಜೆಂಡಾದಲ್ಲಿ ಇರಲಿಲ್ಲ. ಹಾಸಿಗೆ ತೆಗೆದು ಯಂತ್ರ ನಿಲ್ಲಿಸು, ನಾಳೆಯಿಂದ ಹೊಸ ದಾಖಲೆ ಶುರು ಮಾಡೋಣ. ಒಂದೇ ಷರತ್ತು: ಕೇಂದ್ರ ಅದೇ ಮನೆಯಲ್ಲಿರಬೇಕು, ನೀನೂ ಅದೇ ಮನೆಯಲ್ಲಿ ಇದ್ದು ನೋಡಿಕೊಳ್ಳಬೇಕು. ಮನೆ ಬದಲಾದರೆ ಫೆಲೋಶಿಪ್ ಇಲ್ಲ."

ಇಂದುಶೇಖರ ಫೋನಿಟ್ಟು, ಎದೆ ತುಂಬ ಉಸಿರೆಳೆದು ಹೊರಗೆ ಬಂದ. ಗಲ್ಲಿಯಲ್ಲಿ ಜನ ಇನ್ನೂ ಕರಗಿರಲಿಲ್ಲ. ಚೌಧರಿ ಚಾರ್ಪಾಯಿಯ ಮೇಲೆ ನಿಂತು ಭಾಷಣ ಮಾಡುತ್ತಿದ್ದ.

"ನನ್ನ ಕಣ್ಣಾರೆ ನೋಡಿದೆ! ಇಡೀ ದಿಲ್ಲಿ ನಡುಗಿತು. ಯಂತ್ರದಲ್ಲಿ ನನ್ನ ಮನೆ ಕೂದಲೆಳೆಯಷ್ಟೂ ಅಲುಗಿಲ್ಲ. ವಿಲಾಯತಿ ಯಂತ್ರ, ಸರ್ಕಾರಿ ಯಂತ್ರ! ಗುಪ್ತಾಜಿ ಸಾಕ್ಷಿ!"

"ಅದು ಹಾಸಿಗೆ ಮೇಲಿತ್ತು!" ಇಂದುಶೇಖರ ಕೂಗಿದ. "ಕೆಲಸವೇ ಮಾಡ್ತಿರಲಿಲ್ಲ! ಈ ಮನೆಯೂ ಎಲ್ಲ ಮನೆ ಹಾಗೆ ನಡುಗಿದೆ!"

ಗುಪ್ತಾ ಜನರ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಬಾಡಿಗೆದಾರ. ಇನ್ನೇನು ಹೇಳ್ತಾನೆ?"

ಜನ ಹೋ ಎಂದು ನಕ್ಕರು. ಚೌಧರಿ ಇಳಿದು ಬಂದು ಇಂದುಶೇಖರನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟ.

"ಮಾಸ್ಟರ್‌ಜೀ, ನಿಮ್ಮ ಉಪಕಾರ ಮರೆಯೋದಿಲ್ಲ. ಗುರ್‌ಗಾಂವ್‌ನ ಕಂಪನಿಯವರೊಬ್ಬರು ಈಗಷ್ಟೇ ಎರಡರಷ್ಟು ಬಾಡಿಗೆಗೆ ನಿಮ್ಮ ಕೋಣೆಗಳನ್ನ ಹಿಡಿದರು. ಹೆಂಡತಿ ಬಸುರಿಯಂತೆ, ಗಟ್ಟಿ ಮನೆ ಬೇಕಂತೆ. ಮುಂಗಡ ಬಯಾನಾನೂ ತಗೊಂಡುಬಿಟ್ಟೆ. ಒಂದನೇ ತಾರೀಖಿಗೆ ಖಾಲಿ ಮಾಡಿಕೊಡಿ."

"ಆದರೆ ಯಂತ್ರ... ಯಂತ್ರ ಇಲ್ಲೇ ಇರಬೇಕು, ಚೌಧರಿ ಸಾಹೇಬ್!"

"ಇರಲಿ, ಇರಲಿ!" ಚೌಧರಿಯ ಕಣ್ಣು ಒದ್ದೆಯಾಯಿತು. "ಅದನ್ನ ನಾನು ಹೊರಗೆ ಹಾಕ್ತೀನಾ? ಅದು ಮನೆಮಗಳು. ಅದರ ಬಾಡಿಗೆ ಒಂದು ಪೈಸೆ ಬೇಡ. ನೀವು ಮಾತ್ರ ಹೊರಡಿ."