ವೀರನೂ ಹಿಟ್ಟಿನ ಮೂಟೆಯೂ

ಪರೀಕ್ಷೆ ಎಂದರೆ ಬರೆಯುವವನಿಗೆ ಮಾತ್ರ ಭಯ ಎಂದು ಲೋಕ ನಂಬಿಕೊಂಡಿದೆ. ಲೋಕಕ್ಕೇನು ಗೊತ್ತು, ಪಾಪ! ನಾನು ಚಿಕ್ಕಂದಿನಿಂದ ಎಂ.ಎ.ವರೆಗೆ ಲೆಕ್ಕವಿಲ್ಲದಷ್ಟು ಪರೀಕ್ಷೆಗಳಿಗೆ ಕೂತವನು. ಹಿಂದಿನ ದಿನ ಮಸಾಲೆದೋಸೆ ತಿಂದು, ಬೆಳಿಗ್ಗೆ ಗಣಪತಿಗೆ ಕೈ ಮುಗಿದು, ನೆನಪಿಗೆ ಬಂದದ್ದನ್ನು ಗೀಚಿ ಬರುತ್ತಿದ್ದೆ. ಒಂದು ದಿನವೂ ನಿದ್ದೆ ಕೆಟ್ಟದ್ದಿಲ್ಲ. ನನ್ನ ಜೀವ ನಿಜವಾಗಿ ಬಾಯಿಗೆ ಬಂದದ್ದು ನಾನು ಮೇಷ್ಟ್ರಾದ ಮೇಲೆ, ನನ್ನ ವಿದ್ಯಾರ್ಥಿಗಳನ್ನು ಬೇರೊಬ್ಬರು ಪರೀಕ್ಷೆ ಮಾಡಲು ಬಂದಾಗ. ವಿಷಯವೋ, ಮಧ್ಯಯುಗದ ಯುರೋಪಿನ ಸಾಹಿತ್ಯ. ಅದನ್ನು ನಾನು ಎರಡು ವರ್ಷದಿಂದ ಪಾಠ ಮಾಡುತ್ತಿದ್ದೆ. ಓದಿರಲಿಲ್ಲ, ಅಷ್ಟೆ.

ಹೀಗೆಂದರೆ ನನ್ನನ್ನು ಮೋಸಗಾರನೆಂದು ತಿಳಿಯಬೇಡಿ. ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟುಗಳಿಗೆ ನೆಟ್ಟ ಕಲ್ಲುಗಳೇ ಹೆಚ್ಚು. ಕಾಲೇಜಿನ ಹಿಂದಿನ ಕಿಟಕಿ ತೆರೆದರೆ ರಾಗಿ ಹೊಲ, ಮುಂದಿನ ಕಿಟಕಿ ತೆರೆದರೆ ಜಲ್ಲಿ ರಾಶಿ. ಇಂಗ್ಲಿಷ್ ವಿಭಾಗಕ್ಕೆ ನಾನು ಸೇರಿದಾಗ ನಾಟಕ, ಕಾದಂಬರಿಗಳನ್ನೆಲ್ಲ ಹಿರಿಯರು ಹಂಚಿಕೊಂಡು ಬಿಟ್ಟಿದ್ದರು. ಹಬ್ಬದೂಟಕ್ಕೆ ಕೊನೆಯ ಪಂಕ್ತಿಯಲ್ಲಿ ಕೂತವನಿಗೆ ತಿಳಿಸಾರು ಮಾತ್ರ ಉಳಿದಂತೆ ನನಗೆ ಮಧ್ಯಯುಗ ಉಳಿಯಿತು. ನಾನು ಹೆದರಲಿಲ್ಲ. ಮೈಸೂರಿನಲ್ಲಿ ನಮ್ಮ ಗುರುಗಳು ಹೇಳಿ ಬರೆಸಿದ್ದ ಟಿಪ್ಪಣಿಯ ನೋಟ್‌ಬುಕ್ಕು ನನ್ನ ಟ್ರಂಕಿನಲ್ಲಿ ಭದ್ರವಾಗಿತ್ತು. ಅವರು ಬರೆಸಿದ್ದನ್ನು ನಾನು ಬರೆಸಿದೆ. ಅವರು ಎಲ್ಲಿ ಕೆಮ್ಮಿದ್ದರೋ ಅಲ್ಲಿ ನಾನೂ ಕೆಮ್ಮುತ್ತಿದ್ದೆ ಎಂದು ಆಮೇಲೆ ಯಾರೋ ಹೇಳಿದರು.

ಪಠ್ಯಗ್ರಂಥ ಇರಲಿಲ್ಲವೆಂದಲ್ಲ, ಇತ್ತು. ಲಂಡನ್ನಿನಿಂದ ಬಂದ ದಪ್ಪನೆಯ ಕಥಾಸಂಗ್ರಹ, ಲೈಬ್ರರಿಗೆ ಒಂದೇ ಪ್ರತಿ. ಕೆಲಸಕ್ಕೆ ಸೇರಿದ ವಾರವೇ ಸಹಿ ಹಾಕಿ ಮನೆಗೆ ತಂದೆ. ಹಳೇ ಕಾಲದ ಆ ಪುಸ್ತಕದ ಹಾಳೆಗಳು ಅಂಚಿನಲ್ಲಿ ಮಡಿಕೆಯಾಗಿ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಓದುವವನು ತಾನೇ ಚಾಕುವಿನಿಂದ ಕುಯ್ದು ಬಿಡಿಸಿಕೊಳ್ಳಬೇಕು. ಮೊದಲ ಮೂವತ್ತು ಪುಟಗಳನ್ನು ಬಹಳ ಉತ್ಸಾಹದಿಂದ ಬಿಡಿಸಿದೆ. ಉಳಿದದ್ದನ್ನು ಭಾನುವಾರ ನೋಡೋಣ ಎಂದುಕೊಂಡೆ. ಭಾನುವಾರಗಳ ಹಣೆಬರಹ ನಿಮಗೆ ಗೊತ್ತೇ ಇದೆ. ಮಡಿಕೆಯ ಹೊರಮೈಯ ಪುಟಗಳನ್ನು ಕುಯ್ಯದೆಯೂ ಓದಬಹುದಾಗಿತ್ತು, ಒಳಮೈಯವು ಮಾತ್ರ ಕಾಣುತ್ತಿರಲಿಲ್ಲ. ಹಾಗಾಗಿ ನನ್ನ ವೀರರೆಲ್ಲ ಕೋಟೆಯಿಂದ ಕುದುರೆ ಏರಿ ಹೊರಟವರು, ದಾರಿಯಲ್ಲಿ ಏನೂ ಆಗದೆ, ನೇರವಾಗಿ ಸತ್ತು ಹೋಗುತ್ತಿದ್ದರು. ಗುರುಗಳ ಟಿಪ್ಪಣಿಗೂ ಈ ಹೊರಪುಟಗಳಿಗೂ ಎಂಥ ಹೊಂದಿಕೆಯಿತ್ತೆಂದರೆ ಒಳಗೆ ಇಣುಕಬೇಕೆಂದು ನನಗೆ ಅನಿಸಲೇ ಇಲ್ಲ. ಪುಸ್ತಕವನ್ನು ನನ್ನ ಹೆಂಡತಿ ಶಾರದೆ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಭಾರಕ್ಕೆ ಇಡತೊಡಗಿದಳು. ಆಮೇಲೆ ಪಕ್ಕದ ಮನೆ ಬೆಕ್ಕು ನಮ್ಮ ಅಡಿಗೆಮನೆಗೆ ಬರುವುದನ್ನು ಬಿಟ್ಟಿತು.

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಎರಡು ವರ್ಷದ ಪರೀಕ್ಷಾವಧಿ ಮುಗಿಯುವುದರಲ್ಲಿತ್ತು. ಆಗ ಪ್ರಿನ್ಸಿಪಾಲರು ನನ್ನನ್ನು ಕರೆದು ತಣ್ಣಗೆ ಹೇಳಿದರು: “ನೋಡ್ರೀ, ಈ ಸಲ ಆನರ್ಸ್‌ನೋರಿಗೆ ನಿಮ್ಮ ಪೇಪರಿನಲ್ಲಿ ಬಾಯಿ ಪರೀಕ್ಷೆ. ಮೈಸೂರಿಂದ ನಿಮ್ಮ ಗುರುಗಳೇ ಬರ್ತಾರೆ. ಅವರ ವರದಿ ನೋಡಿಕೊಂಡು ನಿಮ್ಮನ್ನ ಕಾಯಂ ಮಾಡೋದೋ ಬೇಡವೋ ಅಂತ ತೀರ್ಮಾನ.” ಹೊರಗೆ ಬಂದಾಗ ನನಗೆ ಖುಷಿಯೇ ಆಗಿತ್ತು. ಗುರುಗಳ ವಾಕ್ಯಗಳನ್ನು ಗುರುಗಳಿಗೇ ಒಪ್ಪಿಸುವುದು! ಇದಕ್ಕಿಂತ ಸುಲಭದ ಪರೀಕ್ಷೆ ಉಂಟೆ? ಮಾರನೆಯ ದಿನದಿಂದಲೇ ಆರು ಜನ ವಿದ್ಯಾರ್ಥಿಗಳಿಗೂ ಟಿಪ್ಪಣಿಯನ್ನು ಬಾಯಿಪಾಠ ಮಾಡಿಸತೊಡಗಿದೆ.

ಆ ಆರು ಜನರಲ್ಲಿ ಜಯಲಕ್ಷ್ಮಿ ಒಬ್ಬಳು. ಬನ್ನೇರುಘಟ್ಟ ರಸ್ತೆಯ ಅರೆಕೆರೆಯಿಂದ ದಿನಕ್ಕೆ ಬರುತ್ತಿದ್ದ ಎರಡೋ ಮೂರೋ ಬಸ್ಸುಗಳಲ್ಲಿ ಒಂದನ್ನು ಹಿಡಿದು ಬರುತ್ತಿದ್ದಳು. ತಂದೆಗೆ ರಾಗಿ ಹೊಲ, ಹುರುಳಿ ಹೊಲ. ಮಾತು ಕಮ್ಮಿ. ಏನಾದರೂ ಕೇಳಬೇಕೆನಿಸಿದರೆ ಮಾತ್ರ ಎದ್ದು ನಿಂತು ನೇರವಾಗಿ ಕೇಳುವಳು. ಒಂದು ದಿನ ನಾನು ನಮ್ಮ ಟಿಪ್ಪಣಿಯ ಅತಿ ಮುಖ್ಯ ಕಥೆಯನ್ನು ಹೇಳಿಸುತ್ತಿದ್ದೆ: ಒಬ್ಬ ವೀರ ತನ್ನ ಪ್ರೇಯಸಿಗೆ ಮಾತು ಕೊಟ್ಟು ಕೋಟೆ ಬಿಟ್ಟು, ಏಳು ವರ್ಷ ಅಲೆದು, ಕೊನೆಗೆ ಅವಳು ಸನ್ಯಾಸಿನಿಯಾಗಿದ್ದ ಮಠದ ಬಾಗಿಲಲ್ಲಿ ಪ್ರಾಣ ಬಿಟ್ಟ, ಇದು ಮಧ್ಯಯುಗದ ಆದರ್ಶ ಪ್ರೇಮದ ಪರಮ ನಿದರ್ಶನ. ಜಯಲಕ್ಷ್ಮಿ ಎದ್ದು ನಿಂತಳು.

“ಸಾರ್, ಏಳು ವರ್ಷ ಏನ್ ತಿಂದ?”

ಕ್ಲಾಸು ಗೊಳ್ಳೆಂದಿತು. “ಆದರ್ಶ ಪ್ರೇಮದಲ್ಲಿ ಊಟದ ಪ್ರಸ್ತಾಪ ಬರೋದಿಲ್ಲಮ್ಮ” ಎಂದೆ.

“ಕುದ್ರೆನಾದ್ರೂ ತಿನ್ಬೇಕಲ್ಲ ಸಾರ್. ಮೂಲ ಪುಸ್ತಕ ಸಿಕ್ಕಿದ್ರೆ ನೋಡ್ತಿದ್ದೆ. ಲೈಬ್ರರೀಲಿ ಕೇಳ್ದೆ, ನಿಮ್ಮತ್ರ ಇದೆ ಅಂದ್ರು.”

“ನಾಳೆ ತರ್ತೀನಿ” ಎಂದೆ. ಮಾರನೆಯ ದಿನ ಮರೆತೆ ಎಂದೆ. ಅದರ ಮಾರನೆಯ ದಿನ ಮನೆಗೆ ನೆಂಟರು ಬಂದಿದ್ದಾರೆ ಎಂದೆ, ನೆಂಟರಿಗೂ ಪುಸ್ತಕಕ್ಕೂ ಏನು ಸಂಬಂಧವೋ ನನಗೇ ಗೊತ್ತಿರಲಿಲ್ಲ. ಮನೆಗೆ ಹೋಗಿ ಬ್ಲೇಡಿನಿಂದ ಹಾಳೆ ಕುಯ್ಯಲು ಕೂತೆ. ಅವಸರಕ್ಕೆ ಮೊದಲನೆಯದೇ ಅಡ್ಡಡ್ಡ ಹರಿಯಿತು. ಶಾರದೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, “ಈಗ ಕುಯ್ದ್ರೆ ಅಂಚು ಬೆಳ್ಳಗೆ, ಹೊಸದಾಗಿ ಕಾಣಲ್ವೇನ್ರೀ? ಎರಡು ವರ್ಷ ಓದಿದ ಪುಸ್ತಕ ಹಾಗಿರತ್ತಾ?” ಎಂದಳು. ಹೆಂಡತಿಯ ಬುದ್ಧಿವಂತಿಕೆ ಕೆಲವು ಹೊತ್ತಿನಲ್ಲಿ ಎಷ್ಟು ಬೇಡವಾಗಿರುತ್ತದೆ! ಬ್ಲೇಡು ಕೆಳಗಿಟ್ಟೆ.

ಅಷ್ಟರಲ್ಲಿ ವಿಷಯ ಪ್ರಿನ್ಸಿಪಾಲರ ಕಿವಿಗೆ ಬಿತ್ತು. “ಏನ್ರೀ ಇದು, ಓದೋ ಹುಡುಗಿಗೆ ಪುಸ್ತಕ ಕೊಡಲ್ವಂತೆ?” ಎಂದು ಎಲ್ಲರೆದುರಿಗೆ ಕೇಳಿದರು. ಪರೀಕ್ಷೆಗೆ ಆರು ದಿನವಿದ್ದಾಗ, ಶನಿವಾರ, ಪುಸ್ತಕದ ಮೇಲಿದ್ದ ಹಾಲಿನ ಕಲೆಯನ್ನು ಒರೆಸಿ ಅವಳ ಕೈಗಿತ್ತೆ. ಹಾಳೆಗಳು ಕೂಡಿಕೊಂಡಿದ್ದನ್ನು ಕಂಡು ಅವಳೇ ಬೇಸತ್ತು ವಾಪಸು ಕೊಡಲಿ ದೇವರೇ ಎಂದು ಬೇಡಿಕೊಂಡೆ. ಅವಳು ಕೊಡಲಿಲ್ಲ. ಸೋಮವಾರ ಬಂದಳು, ನೋಟ್ಸು ಬರೆದುಕೊಂಡಳು, ಹೋದಳು. ಮಂಗಳವಾರ ನನ್ನನ್ನು ನೋಡಿ ಸಣ್ಣಗೆ ನಕ್ಕ ಹಾಗಾಯಿತು. ಅದು ನಮಸ್ಕಾರದ ನಗೆಯೋ, ಕಂಡುಹಿಡಿದ ನಗೆಯೋ? ಆ ಯೋಚನೆಯಲ್ಲಿ ಬುಧವಾರ ಉಪ್ಪಿಟ್ಟಿಗೆ ಮಜ್ಜಿಗೆ ಸುರಿದುಕೊಂಡು ತಿಂದೆ. ಗುರುವಾರ ಕರಿಹಲಗೆಯ ಮೇಲೆ ನನ್ನ ಹೆಸರನ್ನೇ ತಪ್ಪು ಬರೆದೆ.

ಶುಕ್ರವಾರ ಬೆಳಿಗ್ಗೆ, ಪರೀಕ್ಷೆಗೆ ಅರ್ಧ ಗಂಟೆ ಮುಂಚೆ, ಅವಳು ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟಳು. ಅಂಚು ಒಂದೇ ಸಮನೆ ಕುಯ್ದಿತ್ತು, ನಾನು ಹರಿದದ್ದೊಂದು ಬಿಟ್ಟರೆ ಬೇರೆ ಯಾವ ಹಾಳೆಯೂ ಹರಿದಿರಲಿಲ್ಲ.

“ಪುಟ ಎಲ್ಲಾ ಕೂಡ್ಕೊಂಡಿತ್ತು ಸಾರ್. ನಮ್ಮಪ್ಪನ ಕುಡುಗೋಲು ಮಸೆದು ಬಿಡಿಸಿದೀನಿ. ಪರ್ವಾಗಿಲ್ವಾ?”

“ಪರವಾಗಿಲ್ಲಮ್ಮ” ಎಂದೆ. ಬೇರೆ ಏನು ಹೇಳಲಿ? ಪುಸ್ತಕದ ಹಿಂದಿನ ಚೀಟಿಯಲ್ಲಿ ನನ್ನದೊಂದೇ ಸಹಿ ಇತ್ತು, ಎರಡು ವರ್ಷದ ಉದ್ದಕ್ಕೂ. ಅದನ್ನು ಅವಳು ಓದದೆ ಬಿಟ್ಟಿರಲಾರಳು. ಒಳಗೇನಿದೆ ಎಂದು ತೆರೆದು ನೋಡುವಷ್ಟರಲ್ಲಿ ಗೇಟಿನ ಬಳಿ ಗುರುಗಳ ಟಾಂಗಾ ನಿಂತ ಸದ್ದಾಯಿತು. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಓಡಿದೆ.

ಪ್ರಿನ್ಸಿಪಾಲರ ಕೋಣೆಯಲ್ಲಿ ಪರೀಕ್ಷೆ. ನಡುವೆ ಗುರುಗಳು, ಪೇಟ, ಕೋಟು, ಕಡ್ಡಿ ಕನ್ನಡಕ. ಅವರ ಎಡಕ್ಕೆ ಪ್ರಿನ್ಸಿಪಾಲರು, ಮೂಲೆಯಲ್ಲಿ ನಾನು. ಮೊದಲು ಐದು ಜನ ಹುಡುಗರು ಬಂದರು, ಟಿಪ್ಪಣಿಯನ್ನು ಇಂಗ್ಲಿಷಿನಲ್ಲಿ ಗಡಗಡನೆ ಒಪ್ಪಿಸಿದರು, ಹೋದರು. ಗುರುಗಳು ಕಣ್ಣು ಮುಚ್ಚಿ, ತಮ್ಮ ವಾಕ್ಯಗಳನ್ನು ಸಂಗೀತ ಕೇಳುವವರ ಹಾಗೆ ತಲೆದೂಗಿ ಕೇಳಿದರು. ಐದನೆಯವನು ಕೆಮ್ಮಿನ ಜಾಗದಲ್ಲಿ ಕೆಮ್ಮಿಯೂ ಬಿಟ್ಟ. ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ ಮೆಚ್ಚುಗೆಯಿಂದ ಹುಬ್ಬು ಹಾರಿಸಿದರು. ಆಮೇಲೆ ಜಯಲಕ್ಷ್ಮಿ ಬಂದಳು.

ಏಳು ವರ್ಷ ಅಲೆದ ವೀರನ ಕಥೆಯ ಮಹತ್ವವೇನು ಎಂದು ಗುರುಗಳು ಕೇಳಿದರು. ಅವಳು ಇಂಗ್ಲಿಷಿನಲ್ಲಿ, ನಿಧಾನವಾಗಿ, ಸರಿಯಾಗಿ ಉತ್ತರ ಕೊಟ್ಟಳು: ವೀರ ಏಳು ವರ್ಷ ಅಲೆದಿಲ್ಲ. ಒಂದು ವರ್ಷ ಅಲೆದು ಹಸಿವಿನಿಂದ ಸಾಕಾಗಿ, ಕುದುರೆಯನ್ನು ಮಾರಿ, ಒಬ್ಬ ವಿಧವೆಯನ್ನು ಮದುವೆಯಾಗಿ, ಆರು ವರ್ಷ ಅವಳ ಹಿಟ್ಟಿನ ಗಿರಣಿ ನೋಡಿಕೊಂಡಿದ್ದ.

ಗುರುಗಳು ಕಣ್ಣು ತೆರೆದರು. “ಏನು? ಏನು?” ಎಂದವರು ಸಿಟ್ಟಿನಲ್ಲಿ ಕನ್ನಡಕ್ಕೇ ಇಳಿದುಬಿಟ್ಟರು. “ಹಾಗಾದರೆ ಮಠದ ಬಾಗಿಲಿಗೆ ಯಾಕಮ್ಮ ಬಂದ?”

“ಹಿಟ್ಟಿನ ಮೂಟೆ ಹಾಕೋಕ್ ಬಂದಿದ್ದ ಸಾರ್. ಮೂಟೆ ಇಳಿಸ್ವಾಗ ಮೆಟ್ಲು ಜಾರಿ ಬಿದ್ದು ಸತ್ತ.”

ಗುರುಗಳ ಮುಖ ಕೆಂಪಾಯಿತು. ಮೂವತ್ತು ವರ್ಷ ಅವರು ಆ ಬಾಗಿಲಲ್ಲಿ ಆದರ್ಶ ಪ್ರೇಮವನ್ನು ಕಂಡವರು. ಅದಕ್ಕೆ ಕಣ್ಣೀರಿಟ್ಟ ವಿದ್ಯಾರ್ಥಿಗಳಲ್ಲಿ ನಾನೂ ಒಬ್ಬ. ಅವರು ನನ್ನ ಕಡೆ ತಿರುಗಿದರು. “ನೀನು ಹೇಳೋ. ಎರಡು ವರ್ಷದಿಂದ ಪುಸ್ತಕ ನಿನ್ನ ಹತ್ತಿರವೇ ಇದೆಯಂತಲ್ಲ. ಗಿರಣಿ ಇದೆಯೋ ಇಲ್ಲವೋ?”

ಇಲ್ಲ ಎಂದರೆ ಗುರುಗಳು ಪ್ರಸನ್ನ, ಪ್ರಿನ್ಸಿಪಾಲರು ಪ್ರಸನ್ನ, ನನ್ನ ಕೆಲಸ ಕಾಯಂ. ಹುಡುಗಿ ಮಾತ್ರ ನಪಾಸು. ಇದೆ ಎಂದು ಹೇಳಿ ಅದು ಇರದಿದ್ದರೆ ನಾವಿಬ್ಬರೂ ನಪಾಸು. ಇದೆ ಎಂದು ಹೇಳಿ ಅದು ನಿಜವಾಗಿ ಇದ್ದರೆ ಗುರುಗಳು ನಪಾಸು, ಅವರ ವರದಿಯಲ್ಲಿ ನಾನೂ ನಪಾಸು. ಈ ಲೆಕ್ಕದಲ್ಲಿ ಇಲ್ಲ ಅನ್ನುವುದೇ ಜಾಣತನ. ನಾಚಿಕೆ ಬಿಟ್ಟು ಹೇಳುತ್ತೇನೆ, “ಇಲ್ಲ ಸಾರ್” ಎನ್ನಲು ನಾನು ಬಾಯಿ ತೆರೆದೂ ಇದ್ದೆ. ಜಯಲಕ್ಷ್ಮಿ ನನ್ನನ್ನೇ ನೋಡುತ್ತಿದ್ದಳು. ಆ ಕೋಣೆಯಲ್ಲಿ ನಾನು ಪುಸ್ತಕ ಓದಿಲ್ಲವೆಂದು ಬಲ್ಲವಳು ಅವಳೊಬ್ಬಳೇ. ಒಂದು ಮಾತು ಆಡಿದ್ದರೆ ನನ್ನ ಮಾನ ಅಲ್ಲೇ ಹರಾಜಾಗುತ್ತಿತ್ತು. ಅವಳು ಆಡಲಿಲ್ಲ. ಬೆರಳಿನ ಮೇಲೆ ಕುಡುಗೋಲು ತಾಗಿದ ಸಣ್ಣ ಗಾಯಕ್ಕೆ ಬಟ್ಟೆ ಸುತ್ತಿಕೊಂಡು ಸುಮ್ಮನೆ ನಿಂತಿದ್ದಳು. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

“ಗಿರಣಿ ಇದೆ ಸಾರ್” ಎಂದೆ. ಧ್ವನಿ ನನ್ನದಲ್ಲವೆನ್ನುವಷ್ಟು ಜೋರಾಗಿ ಬಂತು.

“ತೋರಿಸು” ಎಂದರು ಗುರುಗಳು.

ಎಲ್ಲಿ ಅಂತ ತೋರಿಸಲಿ? ಪುಸ್ತಕ ಹಿಡಿದುಕೊಂಡು ಕಕ್ಕಾಬಿಕ್ಕಿಯಾಗಿ ನಿಂತೆ. “ನೂರ ಹದಿನೆಂಟನೇ ಪುಟ ಅಂತ ಸಾರೇ ಹೇಳ್ತಿದ್ರು” ಎಂದಳು ಜಯಲಕ್ಷ್ಮಿ, ಸುಳ್ಳು ಹೇಳುವಾಗಲೂ ಕಣ್ಣು ಮಿಟುಕಿಸದೆ. ನಾನು ಆ ಪುಟ ತೆರೆದು ಗುರುಗಳ ಮುಂದಿಟ್ಟೆ. ಅವರು ಓದತೊಡಗಿದರು. ಹತ್ತು ನಿಮಿಷ ಓದಿದರು. ಪುಟ ತಿರುವಿದರು, ಹಿಂದಕ್ಕೆ ಬಂದರು, ಮತ್ತೆ ಮುಂದಕ್ಕೆ ಹೋದರು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡು, “ಇದೆ. ಗಿರಣಿ ಇದೆ. ಕೂತ್ಕೋಮ್ಮ” ಎಂದರು. ಪರೀಕ್ಷೆಗೆ ನಿಂತ ವಿದ್ಯಾರ್ಥಿಗೆ ಅವರು ಕೂತ್ಕೋ ಎಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಟಾಂಗಾ ಹತ್ತಿಸಲು ಹೋದಾಗ ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. “ನನ್ನ ಪ್ರತಿಯ ಪುಟಗಳು ಇನ್ನೂ ಕೂಡ್ಕೊಂಡೇ ಇವೆ ಕಣೋ. ರಿಟೈರ್ ಆದ ಮೇಲೆ ಬಿಡಿಸೋಣ ಅಂತಿದ್ದೆ. ಅಲ್ಲಾ, ಅಷ್ಟು ನೀಟಾಗಿ ಯಾವುದರಲ್ಲಿ ಕುಯ್ದ್ರಿ?”

“ಕುಡುಗೋಲಿನಲ್ಲಿ ಸಾರ್.”

“ಕುಡುಗೋಲು!” ಎಂದರು. “ಮೈಸೂರಲ್ಲಿ ಎಲ್ಲಿ ಸಿಗತ್ತೋ” ಎನ್ನುತ್ತ ಹತ್ತಿ ಕೂತರು. ಹೋಗುವ ಮೊದಲು ಬರೆದಿಟ್ಟ ವರದಿಯಲ್ಲಿ, ಈ ಅಧ್ಯಾಪಕರು ಮೂಲಗ್ರಂಥವನ್ನು ಪುಟಪುಟವಾಗಿ ಓದಿಸಿದ್ದಾರೆ ಎಂದಿತ್ತಂತೆ. ಪ್ರಿನ್ಸಿಪಾಲರು ನನ್ನ ಬೆನ್ನು ತಟ್ಟಿದರು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಸಂಜೆ ಬಸ್‌ಸ್ಟಾಪಿನಲ್ಲಿ ಜಯಲಕ್ಷ್ಮಿ ನಿಂತಿದ್ದಳು. ಹೋಗಿ ಹೇಳಿಯೇಬಿಟ್ಟೆ. “ನೋಡಮ್ಮ, ನಾನು ಆ ಪುಸ್ತಕ ಓದಿರಲಿಲ್ಲ.”

“ಗೊತ್ತು ಸಾರ್.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀವು ಓದ್ದೇನೇ ಗಿರಣಿ ಇದೆ ಅಂದ್ರಲ್ಲ ಸಾರ್, ಅದಕ್ಕೇ.” ಅರೆಕೆರೆಯ ಮೇಲೆ ಹುಳಿಮಾವಿಗೆ ಹೋಗುವ ಬಸ್ಸು ಬರುವುದು ಕಾಣಿಸಿತು. ಅವಳು ಚೀಲ ಹೆಗಲಿಗೆ ಹಾಕಿಕೊಂಡು, “ಪುಸ್ತಕ ನಿಮ್ಮತ್ರಾನೇ ಇರ್ಲಿ. ಈಗ ಎಲ್ಲಾ ಪುಟಾನೂ ಬಿಡಿಸಿದೆ. ಸೋಮವಾರ ಪ್ರಶ್ನೆ ಕೇಳ್ತೀನಿ” ಎಂದು ಹತ್ತಿಕೊಂಡಳು.

ತಮಾಷೆಗೆ ಹೇಳಿದಳೆಂದು ಮೊದಲು ಅಂದುಕೊಂಡೆ. ಆದರೆ ಅವಳು ತಮಾಷೆ ಮಾಡುವ ಜಾತಿಯವಳಲ್ಲ. ಶನಿವಾರ, ಭಾನುವಾರ ಎರಡು ದಿನವೂ ಓದಿದೆ, ಜೀವಮಾನದಲ್ಲಿ ಯಾವ ಪರೀಕ್ಷೆಗೂ ಓದದಷ್ಟು ಓದಿದೆ. ಅಷ್ಟು ಚೆನ್ನಾದ ಕಥೆಗಳು ಎಂದು ಯಾರೂ ನನಗೆ ಹೇಳಿರಲಿಲ್ಲ, ನಾನೂ ಯಾರಿಗೂ ಹೇಳಿರಲಿಲ್ಲ. ಸೋಮವಾರ ಕ್ಲಾಸು ಮುಗಿದ ಮೇಲೆ ಜಯಲಕ್ಷ್ಮಿ ಬಂದು ಮೇಜಿನ ಆ ಕಡೆ ನಿಂತಳು, ನಾನು ಈ ಕಡೆ ಎದ್ದು ನಿಂತೆ. ಮೂರು ಪ್ರಶ್ನೆ ಕೇಳಿದಳು. ಎರಡಕ್ಕೆ ಸರಿಯಾಗಿ ಉತ್ತರ ಹೇಳಿದೆ. ಗಿರಣಿಯ ವಿಧವೆಗೆ ಮೊದಲ ಗಂಡನಿಂದ ಎಷ್ಟು ಮಕ್ಕಳು ಎಂಬುದಕ್ಕೆ ತಡವರಿಸಿ ಎರಡು ಎಂದೆ. “ಮೂರು ಸಾರ್” ಎಂದು ತಲೆಯಾಡಿಸಿ, ಸ್ವಲ್ಪ ಯೋಚಿಸಿ, “ಇರ್ಲಿ, ಪಾಸು” ಎಂದಳು.

ಕೆಲಸ ಕಾಯಂ ಆದ ಆದೇಶವೂ ಅದೇ ಮಧ್ಯಾಹ್ನ ಕೈಗೆ ಬಂತು. ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೆಚ್ಚು ಕಮ್ಮಿ ಓಡಿಕೊಂಡೇ ಬಂದೆ. ಬಾಗಿಲು ತೆರೆದ ಶಾರದೆಗೆ, “ಪಾಸಾಯ್ತು ಕಣೇ!” ಎಂದೆ.

“ಯಾರು, ಆ ಅರೆಕೆರೆ ಹುಡುಗೀನಾ?”

“ಅವಳಲ್ಲ, ನಾನು” ಎಂದೆ. ಜೇಬಿನಲ್ಲಿದ್ದ ಆದೇಶ ನೆನಪಾದದ್ದು ಊಟವಾದ ಮೇಲೆ.