ನೀಲಿ ತಿರುಪು

ದೇವರಾಜು ಒಂದೇ ತಿಂಗಳಲ್ಲಿ ಮೂರು ಸಲ ಸೈಕಲ್ಲಿನಿಂದ ಬಿದ್ದಿದ್ದ. ಯಾರಾದರೂ ಕೇಳಿದರೆ "ಬೇಕಂತ್ಲೇ ಬಿದ್ದೆ, ಬೀಳಾದೂ ಕಲೀಬೇಕು" ಅನ್ನುತ್ತಿದ್ದ. ಒಳಗೊಳಗೆ ಮಾತ್ರ ತಪ್ಪನ್ನು ಮುಂದಿನ ಚಕ್ರ ಹಿಡಿಯುವ ಕವಲುಕಂಬಿ, ಫೋರ್ಕಿನ ಮೇಲೆ ಹಾಕಿದ್ದ. ಹೆಸರಿಗೆ ಅದರಲ್ಲಿ ಸ್ಪ್ರಿಂಗು ಇತ್ತು. ಹಲಗೂರಿನ ಆಚೆ ನರಿಕಲ್ಲು ಗುಡ್ಡದ ಕಲ್ಲುದಾರಿಯಲ್ಲಿ ಅದು ಕೂದಲೆಳೆಯಷ್ಟೂ ಕುಗ್ಗುತ್ತಿರಲಿಲ್ಲ. ಅವನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಸ್ಪ್ರಿಂಗಿನ ವಿಚಾರ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಳೆಯದನ್ನು ಸೈಕಲ್ ಶಾಪಿನ ಪುಟ್ಟರಾಜುವಿಗೆ ಬಿಸಾಕಿ, ಅವನ ಮೂಲಕವೇ ಮೈಸೂರಿನಿಂದ ದುಬಾರಿ ಫೋರ್ಕು ತರಿಸಿ ಹಾಕಿಸಿದ. ಇಷ್ಟವಾಗದಿದ್ದರೆ ವಾರದೊಳಗೆ ವಾಪಸ್ ಕೊಡಬಹುದು ಎಂದಿದ್ದ ಪುಟ್ಟರಾಜು.

ಭಾನುವಾರ ಬೆಳಿಗ್ಗೆ ಹೆಂಡತಿ ವೀಣ ಕಾಫಿ ಲೋಟ ಕುಕ್ಕಿ ತೀರ್ಪು ಕೊಟ್ಟಳು.

"ಇವತ್ತು ಕಾಲೂರದೆ ಗುಡ್ಡ ಇಳುದ್ರೆ ಸೈಕಲ್ ಇಟ್ಕಳಿ. ಬಿದ್ರೋ, ಸಂಜೆ ಒಳ್ಗೆ ಅದು ರಾಜೇಂದ್ರಣ್ಣನ ಮನೇಲಿರ್ಬೇಕು. ನಾನೇ ಬಂದು ನೋಡ್ತೀನಿ."

ಡ್ರಿಲ್ ಮೇಷ್ಟ್ರು ರಾಜೇಂದ್ರ ಅರ್ಧ ಬೆಲೆಗೆ ಮಾತಾಡಿ, ಆ ಸೈಕಲ್ಲಿಗೆ ಆಗಲೇ ಒಂದು ಚೈನು ಬೀಗ ಕೊಂಡಿಟ್ಟಿದ್ದ.

ಗೇಟು ದಾಟುವಷ್ಟರಲ್ಲಿ ಪಕ್ಕದ ಮನೆಯ ಹೊನ್ನಯ್ಯ ಪಂಪು ಹಿಡಿದು ಅಡ್ಡ ಬಂದರು.

"ಗಾಳೀನೇ ಇಲ್ವಲ್ಲೋ ಚಕ್ರಕ್ಕೆ!"

"ಬೇಕಂತ್ಲೇ ಕಮ್ಮಿ ಮಾಡಿರಾದು. ಮೆತ್ತಗಿದ್ರೆ ಕಲ್ಲು ಕಚ್ಕತದೆ."

"ನಿಂಗೇನ್ ಗೊತ್ತು, ಸುಮ್ಕಿರು. ನಲ್ವತ್ತು ವರ್ಸ ತುಳ್ದಿವ್ನಿ ನಾನು."

ಬೇಡ ಬೇಡ ಅನ್ನುವಷ್ಟರಲ್ಲಿ ಎರಡು ಟೈರೂ ಬೇಲದಹಣ್ಣಿನಂತೆ ಗಟ್ಟಿಯಾದವು. ಬೀದಿಯ ತಿರುವಿನಲ್ಲಿ ದೇವರಾಜು ಗಾಳಿ ಬಿಟ್ಟ. ಟೀ ಅಂಗಡಿಯ ಶಿವಯ್ಯ ಕಂಡು, ಪಾಪ ಮೇಷ್ಟ್ರು ಅಂತ ಮತ್ತೆ ತುಂಬಿದ. ಗುಡ್ಡದ ತುದಿಯಲ್ಲಿ, ಪೊದೆಯ ಮರೆಗೆ ಮೂತ್ರಕ್ಕೆ ಹೋದವನಂತೆ ಹೋಗಿ, ದೇವರಾಜು ಕದ್ದು ಇನ್ನೊಮ್ಮೆ ಬಿಟ್ಟುಕೊಂಡ.

ಕೆಳಗೆ ಅರ್ಧ ಊರು ನಿಂತಿತ್ತು. ರಾಜೇಂದ್ರ ಬಾಯಿಗೆ ಸೀಟಿ ಸಿಕ್ಕಿಸಿಕೊಂಡಿದ್ದ.

ಸೀಟಿ ಕೂಗಿತು. ಮೊದಲ ಬಂಡೆಗೇ ದೇವರಾಜುವಿನ ಹಲ್ಲುಗಳು ಒಂದಕ್ಕೊಂದು ಪರಿಚಯ ಮಾಡಿಕೊಂಡವು. ಎರಡನೆಯದಕ್ಕೆ ಕನ್ನಡಕ ಮೂಗು ಬಿಟ್ಟು ಬಾಯಿಗೆ ಬಂತು. ಕೈಗಳು ಚಟ್ನಿ ತಿರುವುವ ಮಿಕ್ಸಿಯಂತೆ ನಡುಗಿದವು. ಆದರೆ ಮೆತ್ತನೆಯ ಟೈರು ಹಲ್ಲಿಯ ಹಾಗೆ ಕಲ್ಲನ್ನು ಹಿಡಿದುಕೊಂಡೇ ಇಳಿಯಿತು. ಬ್ರೇಕು ಬಿಟ್ಟು ಬಿಟ್ಟು ಒತ್ತುತ್ತ, ಹಿಂಬದಿಯನ್ನು ಸೀಟಿನಾಚೆ ನೂಕಿ, ಕಾಲೂರದೆ ಅವನು ಕೆಳಗಿನ ಮಣ್ಣುರಸ್ತೆಗೆ ಬಂದು ನಿಂತ.

ಜನ ಕೂಗಿದರು. ಹೊನ್ನಯ್ಯ "ನಾನ್ ಹೊಡ್ದ ಗಾಳಿ ಕಣ್ರಲಾ ಅದು!" ಅಂದರು. ವೀಣ ಮೊದಲ ಸಲ ಸೈಕಲ್ಲನ್ನು ನೋಡಿ ನಕ್ಕಳು. ರಾಜೇಂದ್ರ ಬೀಗವನ್ನು ಮೆಲ್ಲಗೆ ಜೇಬಿಗಿಳಿಸಿದ.

"ಹೆಂಗಿತ್ಲಾ ಹೊಸ ಸ್ಪ್ರಿಂಗು?" ಹೊನ್ನಯ್ಯ ಕೇಳಿದರು.

"ಹತ್ತಿ ಹಾಸ್ಗೆ ಮ್ಯಾಲೆ ಹೊಳ್ಳಾಡ್ದಂಗೆ," ಅಂದ ದೇವರಾಜು. ಕೆಳದವಡೆ ಇನ್ನೂ ಅದುರುತ್ತಿತ್ತು.

ಅಷ್ಟರಲ್ಲಿ ಮೇಲಿನಿಂದ ಗಣಗಣ ಸದ್ದು ಕೇಳಿತು. ಗುಡ್ಡದ ಮೇಲಿನ ಹಟ್ಟಿಯಿಂದ ಡೇರಿಗೆ ಹಾಲು ತರುವ ಚೌಡಯ್ಯ, ಅರವತ್ತು ದಾಟಿದವನು, ತನ್ನ ಹಳೇ ಸೈಕಲ್ಲಿಗೆ ಎರಡು ಕ್ಯಾನು ನೇತುಹಾಕಿಕೊಂಡು, ಬಾಯಲ್ಲಿ ಬೀಡಿ ಕಚ್ಚಿಕೊಂಡು, ಅದೇ ಕಲ್ಲುದಾರಿಯಲ್ಲಿ ಇಳಿದು ಬರುತ್ತಿದ್ದ. ಅವನೂ ಕಾಲೂರಲಿಲ್ಲ. ಬೀಡಿಯ ಬೂದಿಯೂ ಉದುರಿರಲಿಲ್ಲ.

ಅವನ ಸೈಕಲ್ಲಿನ ಮುಂಚಕ್ರಕ್ಕೆ ದೇವರಾಜು ಬಿಸಾಕಿದ್ದ ಹಳೆಯ ಫೋರ್ಕು ಕೂತಿತ್ತು.

"ಅದು ಕುಗ್ತಾನೇ ಇರ್ಲಿಲ್ವಲ್ಲ ಚೌಡಯ್ಯ?" ಅಂದ ದೇವರಾಜು.

"ಇಲ್ನೋಡಿ, ತಲೆ ಮ್ಯಾಲೆ ನೀಲಿ ತಿರುಪದೆ. ಪುಟ್ರಾಜು ತಿರುಗಿಸ್ದ, ಸಡ್ಲ ಆಯ್ತು. ಸ್ಪ್ರಿಂಗು ಕುಗ್ದಂಗೆ ಬೀಗ ಹಾಕಿತ್ತಂತೆ ಮೇಷ್ಟ್ರೇ." ಚೌಡಯ್ಯ ಹೊಸ ಫೋರ್ಕಿನತ್ತ ಬಗ್ಗಿದ. "ಅಯ್ಯೋ, ನಿಮ್ದ್ರಲ್ಲೂ ಅದೆ. ಇದ್ಕೂ ಬೀಗ ಹಾಕ್ದಂಗೇ ಅದಲ್ಲ!"

ಎಲ್ಲರೂ ಬಗ್ಗಿ ನೋಡಿದರು. ನೀಲಿ ತಿರುಪಿನ ಬಾಣ ಬೀಗದ ಚಿತ್ರವನ್ನು ನೆಟ್ಟಗೆ ತೋರಿಸುತ್ತಿತ್ತು. ರಾಜೇಂದ್ರನ ಬಾಯಿಯ ಸೀಟಿ ತಾನಾಗಿ ಕೀ ಅಂದಿತು.

ವಿಜ್ಞಾನದ ಮೇಷ್ಟ್ರು ಎದೆ ಸೆಟೆಸಿದ. "ಬೇಕಂತ್ಲೇ ಹಾಕಿರಾದು! ಸ್ಪ್ರಿಂಗ್ ನಂಬ್ಕೊಂಡು ಯಾರ್ ಬೇಕಾದ್ರೂ ಇಳೀತಾರೆ. ನಂಗದು ಬೇಕಾಗೇ ಇಲ್ಲ."

ಜನ ಮೊದಲಿಗಿಂತ ಜೋರಾಗಿ ಕೂಗಿದರು. ಹೊನ್ನಯ್ಯ ತಮ್ಮ ಹೆಗಲ ಟವೆಲನ್ನೇ ಅವನ ಕೊರಳಿಗೆ ಹಾಕಿದರು. ರಾಜೇಂದ್ರ ಕೂಡ ಬೆನ್ನು ತಟ್ಟಿದ. ಜನ್ಮದಲ್ಲಿ ಅಂಥ ಗೆಲುವು ದೇವರಾಜು ಕಂಡಿರಲಿಲ್ಲ.

ವೀಣ ಮಾತ್ರ ಲೆಕ್ಕದ ಮುಖ ಮಾಡಿದ್ದಳು.

"ಬೇಕಾಗೇ ಇಲ್ವಾ? ಹಂಗಾದ್ರೆ ಇವತ್ತೇ ವಾಪಸ್ ಕೊಟ್ಬುಡಿ. ವಾರ ತುಂಬಾಕೆ ಇನ್ನೂ ಎರಡು ದಿನ ಅದೆ."

"ಆಮೇಲೆ ಮುಂದುಕ್ಕೆ ಏನ್ ಹಾಕಾದು?"

"ನನ್ ಸೈಕಲ್ಲಿಂದ ಬಿಚ್ಚಿದ್ ಕಬ್ಬುಣದ್ದು ಪುಟ್ರಾಜು ಅಂಗ್ಡೀಲೇ ಬಿದ್ದದೆ," ಅಂದ ಚೌಡಯ್ಯ ಉದಾರವಾಗಿ. "ನಂಗಂತೂ ಬ್ಯಾಡ."

ಸಂಜೆ ಅಂಗಡಿಯ ಮುಂದೆ ಜನ ಸೇರಿದ್ದರು. ಪುಟ್ಟರಾಜು ಕಬ್ಬಿಣದ ಫೋರ್ಕನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿ, ಕೈ ಒರೆಸಿಕೊಂಡು, ಗೌರವದಿಂದ ಕೇಳಿದ:

"ಮೇಷ್ಟ್ರೇ, ಸೀಟೂ ಒಸಿ ಮೆತ್ತಗದೆ. ಅದ್ನೂ ತಗ್ದುಬುಡ್ಲಾ?"